ಅಜ್ಜಿಯ ಸತ್ಯವೇದದಲ್ಲಿ ಪೆನ್ಸಿಲ್ ಗೀಟು: ಇದು ಪ್ರಾರ್ಥನೆಯಾ, ಶಾಪವಾ?

ಹೊಸಂಗಡಿಯವಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದರೆ ಓದಿ.

ಅಮ್ಮನ ಮನೆಯ ಅಟ್ಟ ಗುಡಿಸುವಾಗ ಅಜ್ಜಿಯ ಹಳೇ ಕನ್ನಡ ಸತ್ಯವೇದ (ಬೈಬಲ್) ಸಿಕ್ಕಿತು. ಅಜ್ಜಿ ಜೆಪ್ಪುವಿನವರು. ಅವರ ಅಪ್ಪ ಅಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಜ್ಜಿ ಮದುವೆಯಾಗಿ ಮಂಜೇಶ್ವರದ ಈ ಕಡೆಗೆ ಬಂದವರು. ಮನೆಯಲ್ಲಿ ಮಾತೆಲ್ಲ ತುಳು, ಪ್ರಾರ್ಥನೆ ಮಾತ್ರ ಕನ್ನಡ. ಪುಸ್ತಕ ಅರ್ಧ ಗೆದ್ದಲಿನ ಪಾಲಾಗಿದೆ. ಅದರೊಳಗಿನ ಹಳೇ ಪ್ರಾರ್ಥನೆ ಹಾಡುಗಳಾದ ಕೀರ್ತನೆಗಳ ಭಾಗ ಹೇಗೋ ಉಳಿದಿದೆ. 58ನೇ ಕೀರ್ತನೆಯ ಬದಿಯಲ್ಲಿ ಪೆನ್ಸಿಲಿನಲ್ಲಿ ದಪ್ಪ ಗೀಟು. ಪಕ್ಕದಲ್ಲಿ ಒಂದೇ ಶಬ್ದ: "ಬೇಲಿ".

ಅಮ್ಮನನ್ನು ಕೇಳಿದೆ. ಪಕ್ಕದ ಜಾಗದವರು ಪ್ರತಿ ಮಳೆಗಾಲ ಬೇಲಿಯನ್ನು ಒಂದು ಮೊಳ ಈಚೆ ಸರಿಸುತ್ತಿದ್ದರಂತೆ. ಅಜ್ಜ ತೀರಿಕೊಂಡಿದ್ದರು. ಕೋರ್ಟಿಗೆ ಹೋಗಲು ಕೈಯಲ್ಲಿ ದುಡ್ಡಿಲ್ಲ. ಅಜ್ಜಿ ಸಂಜೆ ಜಗಲಿಯಲ್ಲಿ ಆ ಮನೆಯ ಕಡೆ ಮುಖ ಮಾಡಿ ಕೂತು ಈ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಆಚೆಯವರಿಗೆ ಕೇಳಲಿ ಎಂತಲೇ.

ಅದರಲ್ಲಿ ಏನುಂಟು ಗೊತ್ತಾ? ದೇವರೇ ಅವರ ಬಾಯಲ್ಲಿರುವ ಹಲ್ಲು ಮುರಿ. ಹರಿದು ಹೋಗುವ ನೀರಿನ ಹಾಗೆ ಇಲ್ಲವಾಗಲಿ. ಬಸವನಹುಳು ಹೋಗ್ತಾ ಹೋಗ್ತಾ ಕರಗಿದ ಹಾಗೆ ಕರಗಲಿ. ಕೊನೆಗೆ ನೀತಿವಂತನು ದುಷ್ಟನ ರಕ್ತದಲ್ಲಿ ಕಾಲು ತೊಳೆಯುತ್ತಾನೆ! ಕೋಳಿ ಕೊಯ್ಯುವಾಗ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಅಜ್ಜಿ ಇದನ್ನು ಓದುತ್ತಿದ್ದರು ಎಂದರೆ ನಂಬಲು ಆಗುತ್ತಿಲ್ಲ. ಇದು ಪ್ರಾರ್ಥನೆಯಾ? ಮತ್ತೆ ಈ ಬಸವನಹುಳು ಎಂತ?

ಅಡಿಕೆ ಮಂಡಿ
ನಮ್ಮ ಮನೆಯಲ್ಲೂ ಇಂಥ ಅಜ್ಜಿ ಒಬ್ಬರಿದ್ದರೆ ವಕೀಲರ ಫೀಸು ಉಳಿಯುತ್ತಿತ್ತು ಮಾರಾಯ್ರೆ.

ಇಗರ್ಜಿ ಗಂಟೆ
ನಾನು ಬೇಳದವನು, ಕ್ಯಾಥೊಲಿಕ್. ಒಂದು ವಿಷಯ ಹೇಳುತ್ತೇನೆ. ನಮ್ಮ ಪಾದ್ರಿಗಳು, ಸಿಸ್ಟರುಗಳು ದಿನಾ ಹೇಳುವ ಪ್ರಾರ್ಥನೆಯ ಪುಸ್ತಕದಲ್ಲಿ ಕೀರ್ತನೆಗಳೆಲ್ಲ ಸರದಿಯಂತೆ ಬರುತ್ತವೆ. 1960ರ ದಶಕದಲ್ಲಿ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆಯ ನಂತರ ಆ ಪುಸ್ತಕವನ್ನು ಹೊಸದಾಗಿ ಮಾಡಿದಾಗ ಮೂರು ಕೀರ್ತನೆಗಳನ್ನು ಪೂರ್ತಿ ಬಿಟ್ಟರು: 58, 83, 109. ಬೇರೆ ಕೆಲವದರಲ್ಲಿ ಖಾರ ಜಾಸ್ತಿ ಇದ್ದ ಸಾಲುಗಳನ್ನು ಮಾತ್ರ ತೆಗೆದರು. ನಿಮ್ಮ ಅಜ್ಜಿ ಸರಿಯಾಗಿ ಆ ಮೂರರಲ್ಲೇ ಒಂದನ್ನು ಹಿಡಿದಿದ್ದಾರೆ!

ಹೊಸಂಗಡಿಯವಳು
ಅಯ್ಯೋ ದೇವರೇ. ಅಮ್ಮನಿಗೆ ಹೇಳಿದರೆ ಖುಷಿಪಡುತ್ತಾರೆ.

ಕುಂಬಳೆ ಮೇಷ್ಟ್ರು
ಬಸವನಹುಳುವಿನ ವಿಷಯ. ಮೂಲ ಹೀಬ್ರೂವಿನಲ್ಲಿ ಅಲ್ಲಿರುವ ಶಬ್ದ ಇಡೀ ಬೈಬಲಿನಲ್ಲಿ ಒಂದೇ ಸಲ ಬರುವುದು. ಹೆಚ್ಚಿನವರು ಬಸವನಹುಳು ಎಂದೇ ಅರ್ಥ ಮಾಡಿದ್ದಾರೆ. ಅದು ಹೋದಲ್ಲಿ ಲೋಳೆಯ ಗೆರೆ ಬೀಳುತ್ತದಲ್ಲ, ಮೈ ಕರಗಿ ಕರಗಿಯೇ ಆ ಗೆರೆ ಆಗುತ್ತದೆ ಎಂದು ಆ ಕಾಲದ ಜನ ನೋಡಿದ್ದಿರಬೇಕು. ನಮ್ಮಲ್ಲಿ ಆಟಿ ತಿಂಗಳಲ್ಲಿ ಬಚ್ಚಲ ಗೋಡೆ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ.

ಇನ್ನೊಂದು ಮಾತು. ಆ ಕೀರ್ತನೆ ಶುರುವಾಗುವುದು ಯಾರನ್ನು ಉದ್ದೇಶಿಸಿ, ನೋಡಿದ್ದೀರಾ? ನ್ಯಾಯ ಹೇಳಬೇಕಾದವರನ್ನು. "ನೀವು ಸರಿಯಾದ ತೀರ್ಪು ಕೊಡುತ್ತೀರೋ?" ಎಂಬ ಅರ್ಥದ ಪ್ರಶ್ನೆಯಿಂದ. ಇಲ್ಲಿ ದುಷ್ಟ ಎಂದರೆ ಬರೀ ಕಳ್ಳನಲ್ಲ, ಕಳ್ಳನ ಪರ ತೀರ್ಪು ಬರೆಯುವವನು. ಕೋರ್ಟಿಗೆ ಹೋಗಲಾಗದ ಒಬ್ಬ ವಿಧವೆ ಇದನ್ನು ಆರಿಸಿದ್ದು ಸುಮ್ನೆ ಅಲ್ಲ.

ಬದಿಯಡ್ಕ ಬಸ್ಸು
ಬೇಲಿಗೆ ಇದಕ್ಕಿಂತ ಸರಿಯಾದದ್ದು ಉಂಟು ಅಕ್ಕ. ಧರ್ಮೋಪದೇಶಕಾಂಡ 27:17. ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪ, ಜನರೆಲ್ಲ ಆಮೆನ್ ಅನ್ನಬೇಕು. ಸರ್ವೆ ಇಲಾಖೆಯ ಗೋಡೆಗೆ ಬರೆದು ಹಾಕುವಂಥದ್ದು.

ಅಡಿಕೆ ಮಂಡಿ
1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ನಮ್ಮ ಗಡಿಕಲ್ಲು ಸರಿಸಿದವರಿಗೂ ಈ ಶಾಪ ತಗಲುತ್ತದಾ?

ಚಂದ್ರಗಿರಿ ಉತ್ತರ
ತಗಲಬೇಕು! 1967ರಲ್ಲೇ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಹೇಳಿತ್ತು. ಅದು ಏನಾಯಿತು? ಈಗ ನನ್ನ ಮಗಳಿಗೆ ಆಫೀಸಿನ ಅರ್ಜಿ ಫಾರ್ಮು ಓದಿಸಲು...

ನಿರ್ವಾಹಕ
ಗಡಿ ಚರ್ಚೆಗೆ ಬೇರೆ ಎಳೆ ಉಂಟು, ಅದು 400 ಉತ್ತರ ದಾಟಿದೆ. ಅಲ್ಲಿಗೆ ಹೋಗಿ.

ಪ್ರಶ್ನೆಪತ್ರಿಕೆ
ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಬೆಂಕಿ, ಗಂಧಕ, ಹುಳ, ಹಲ್ಲು ಕಡಿಯುವುದು... ಎಲ್ಲ ಹೆದರಿಸುವ ವಿದ್ಯೆ. ಹೆದರಿದವನು ಕಾಣಿಕೆ ಹಾಕುತ್ತಾನೆ, ಅಷ್ಟೇ. ಯಾವ ಧರ್ಮದ್ದಾದರೂ ಇದೇ ಕಥೆ. ಗರುಡ ಪುರಾಣದಲ್ಲಿ ಎಣ್ಣೆ ಕೊಪ್ಪರಿಗೆ, ಇಲ್ಲಿ ಬೆಂಕಿಯ ಕೆರೆ.

ನೇಜಿ
ಪ್ರಶ್ನೆಪತ್ರಿಕೆಯವರೇ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ನಾವು ಈಗಲೂ ಎರಡು ಗದ್ದೆ ಬೇಸಾಯ ಮಾಡುತ್ತೇವೆ, ಹಾಗಾಗಿ ಹೇಳುತ್ತೇನೆ.

ಕೀರ್ತನೆಗಳಲ್ಲಿ ದುಷ್ಟರಿಗೆ ಕೊಟ್ಟ ಹೋಲಿಕೆಗಳಲ್ಲಿ ಬೆಂಕಿಗಿಂತ ಮೊದಲು ಬರುವುದು ಹೊಟ್ಟು. ಮೊದಲನೇ ಕೀರ್ತನೆಯಲ್ಲೇ ಉಂಟು. ನೀತಿವಂತ ನೀರಿನ ಬದಿಯ ಮರ, ದುಷ್ಟ ಗಾಳಿಗೆ ಹಾರುವ ಹೊಟ್ಟು. ಇಲ್ಲಿ ಭತ್ತ ತೂರಿದವರಿಗೆ ಅದು ಗೊತ್ತು. ತೆನೆಯನ್ನು ಪಡಿಮಂಚಕ್ಕೆ ಬಡಿದು ಆದ ಮೇಲೆ ಮಧ್ಯಾಹ್ನ ಕಡಲ ಗಾಳಿ ಏಳುವ ತನಕ ಕಾಯಬೇಕು. ಗೆರಸೆ ತಲೆಯ ಮೇಲೆ ಎತ್ತಿ ನಿಧಾನ ಸುರಿದರೆ ಕಾಳು ಕಾಲಿನ ಬುಡಕ್ಕೆ, ಜೊಳ್ಳು ಅಂಗಳದ ಆಚೆಗೆ. ಜೊಳ್ಳಿಗೆ ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಅದಕ್ಕೆ ತೂಕವಿಲ್ಲ, ಹಾಗಾಗಿ ನಿಲ್ಲುವುದಿಲ್ಲ. ನನಗೆ ಅಲ್ಲಿ ಹೆದರಿಕೆಗಿಂತ ತಾತ್ಸಾರ ಕಾಣುತ್ತದೆ. ಎಷ್ಟೇ ಮೆರೆದರೂ ನೀನು ಜೊಳ್ಳು ಎಂದ ಹಾಗೆ.

ಬೈಬಲಿನ ನಾಡಿನಲ್ಲಿಯೂ ಕಡಲ ಕಡೆಯಿಂದ ಬರುವ ಗಾಳಿಯೇ. ಬೈಬಲಿನ ರೂತಳ ಕಥೆಯಲ್ಲಿ ಬೋವಜ ಎಂಬ ಹೊಲದ ಯಜಮಾನ ರಾತ್ರಿ ಹೊತ್ತು ಕಣದಲ್ಲಿ ತೂರುವುದು ಬರುತ್ತದಲ್ಲ, ನಮ್ಮಜ್ಜ ಅದನ್ನು ಕೇಳಿ "ಹೌದು, ಹಗಲು ಗಾಳಿ ಸಿಕ್ಕಿರಲಿಕ್ಕಿಲ್ಲ" ಎಂದಿದ್ದರು. ಅವರು ಯಕ್ಷಗಾನ ಬಿಟ್ಟು ಬೇರೆ ಪುರಾಣ ಕೇಳಿದವರಲ್ಲ.

ಬದಿಯಡ್ಕ ಬಸ್ಸು
ತೂಕದ ಮಾತು ಬಂತಲ್ಲ. ದಾನಿಯೇಲನ ಪುಸ್ತಕದಲ್ಲಿ ಬೇಲ್ಶಚ್ಚರ ರಾಜನ ಔತಣದ ನಡುವೆ ಒಂದು ಕೈ ಬಂದು ಗೋಡೆಯ ಮೇಲೆ ಬರೆಯುತ್ತದೆ. ಅದರ ಅರ್ಥ: ಎಣಿಸಿದೆ, ತೂಗಿದೆ, ತೂಕಕ್ಕೆ ಕಡಿಮೆ ಬಿದ್ದೆ, ಹಂಚಿ ಕೊಟ್ಟೆ. ರೇಷನ್ ಅಂಗಡಿ ಭಾಷೆ!

ಪ್ರಶ್ನೆಪತ್ರಿಕೆ
ಸರಿ ನೇಜಿಯವರೇ. ಆದರೆ ಬೈಬಲಿನ ಮತ್ತಾಯನ ಪುಸ್ತಕದ 3ನೇ ಅಧ್ಯಾಯದಲ್ಲಿ ಅದೇ ಹೊಟ್ಟನ್ನು "ಆರದ ಬೆಂಕಿ"ಗೆ ಹಾಕುತ್ತಾರಲ್ಲ? ಜೊಳ್ಳಿಗೆ ಬೆಂಕಿ ಹಾಕಿದರೆ ಒಂದು ನಿಮಿಷದಲ್ಲಿ ಬೂದಿ. ಆರದ ಬೆಂಕಿ ಯಾಕೆ ಬೇಕು?

ನೇಜಿ
ಆರದ್ದು ಎಂದರೆ ಯಾರೂ ನಂದಿಸಲಾಗದ್ದು ಎಂದೂ ಆಗಬಹುದಲ್ಲ? ಹುಲ್ಲಿನ ಮುಟ್ಟೆಗೆ ಬೆಂಕಿ ಬಿದ್ದರೆ ಕೊಡಪಾನ ಹಿಡಿದು ಓಡಿದವರಿಗೆ ಗೊತ್ತು. ನಂದಿಸಲು ಆಗುವುದಿಲ್ಲ. ಎಲ್ಲ ಮುಗಿದ ಮೇಲೆ ತಾನೇ ಆರುತ್ತದೆ.

ಇಗರ್ಜಿ ಗಂಟೆ
ಅಷ್ಟು ಸುಲಭಕ್ಕೆ ಬಿಡಲಿಕ್ಕಿಲ್ಲ. ಮತ್ತಾಯ 25ರ ಕೊನೆಯಲ್ಲಿ ನಿತ್ಯಜೀವಕ್ಕೂ ನಿತ್ಯದಂಡನೆಗೂ ಒಂದೇ ಶಬ್ದ ಉಂಟು. ಒಂದು ಕಡೆ ನಿತ್ಯ ಎಂದರೆ ಕೊನೆಯಿಲ್ಲದ್ದು, ಇನ್ನೊಂದು ಕಡೆ ಬೇಗ ಮುಗಿಯುವುದು ಎನ್ನಲು ಆಗುತ್ತದಾ? ಲೂಕ 16ರಲ್ಲಿ ಐಶ್ವರ್ಯವಂತ ಬೆಂಕಿಯಲ್ಲಿ ನಿಂತು ಒಂದು ಹನಿ ನೀರು ಕೇಳುತ್ತಾನೆ. ಬೂದಿ ಆದವನು ನೀರು ಕೇಳುವುದಿಲ್ಲ.

ನೇಜಿ
ಐಶ್ವರ್ಯವಂತನದ್ದು ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ವರದಿ ಅಲ್ಲ. ಮತ್ತಾಯ 25 ಓದಿದರೆ ಅಲ್ಲಿ ತೀರ್ಪಿನ ದಿನ ಕುರಿಗಳಿಂದ ಬೇರೆ ಮಾಡಿ ಆಡುಗಳ ಗುಂಪಿಗೆ ಹೋದವರು ಕೊಲೆಗಾರರೂ ಅಲ್ಲ. ಹಸಿದವನಿಗೆ ಊಟ ಕೊಡದವರು, ಜೈಲಿನಲ್ಲಿದ್ದವನನ್ನು ನೋಡಲು ಹೋಗದವರು. ಆ ಲೆಕ್ಕದಲ್ಲಿ ನಾವಿಬ್ಬರೂ ಆಡೇ.

ಇಗರ್ಜಿ ಗಂಟೆ
ಅದನ್ನು ಒಪ್ಪುತ್ತೇನೆ.

ಕಾಂಞಂಗಾಡ್ ರೈಲು
ನರಕ ಎಂಬ ಅರ್ಥದಲ್ಲಿ ಬರುವ ಗೆಹೆನ್ನಾ ಅಂದರೆ ಜೆರುಸಲೇಮಿನ ಹೊರಗಿನ ಕಸದ ಗುಂಡಿ. ಹಗಲು ರಾತ್ರಿ ಕಸ ಉರಿಯುತ್ತಿತ್ತು, ಹುಳ ಇರುತ್ತಿತ್ತು. ಅದನ್ನೇ ಏಸು ಉದಾಹರಣೆ ಕೊಟ್ಟದ್ದು. ನಮ್ಮ ಡಂಪಿಂಗ್ ಯಾರ್ಡು ಇದ್ದ ಹಾಗೆ.

ಕುಂಬಳೆ ಮೇಷ್ಟ್ರು
ಈ ಕಸದ ಗುಂಡಿ ಕಥೆಯನ್ನು ನಾನೂ ಎಷ್ಟೋ ವರ್ಷ ಹೇಳುತ್ತಿದ್ದೆ. ಆಮೇಲೆ ತಿದ್ದಿಕೊಂಡೆ. ಅದನ್ನು ಬರೆದಿಟ್ಟವರು ದಾವಿದ್ ಕಿಮ್ಹಿ ಎಂಬ ಯಹೂದಿ ಪಂಡಿತರು. ಅವರು ಸುಮಾರು ಕ್ರಿ.ಶ. 1200ರವರು. ಏಸುವಿನ ಕಾಲಕ್ಕೂ ಅವರಿಗೂ ಸಾವಿರ ವರ್ಷಕ್ಕೂ ಜಾಸ್ತಿ ಅಂತರ. ಅಲ್ಲಿ ನಿರಂತರ ಕಸ ಉರಿಯುತ್ತಿತ್ತು ಎನ್ನಲು ಅಗೆತದಲ್ಲಿ ಗಟ್ಟಿ ಸಾಕ್ಷಿಯೂ ಸಿಕ್ಕಿಲ್ಲ.

ಬೈಬಲ್ ಹೇಳುವುದು ಇದಕ್ಕಿಂತ ಭಯಂಕರ. ಅದು ಹಿನ್ನೋಮ್ ಕಣಿವೆ. ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಡುತ್ತಿದ್ದರು. ಯೋಷೀಯ ರಾಜ ಆ ಜಾಗವನ್ನು ಹೊಲೆ ಮಾಡಿಸಿ ನಿಲ್ಲಿಸಿದ. ಪ್ರವಾದಿ ಯೆರೆಮೀಯ ಅದಕ್ಕೆ ಸಂಹಾರದ ಕಣಿವೆ ಎಂದು ಹೆಸರಾಗುತ್ತದೆ ಎಂದ. ಅಂದರೆ ಆ ಬೆಂಕಿ ಮೊದಲು ಹಾಕಿದ್ದು ಮನುಷ್ಯರೇ. ಇನ್ನು "ಸಾಯದ ಹುಳ". ಅದು ಯೆಶಾಯ 66ರಿಂದ ಬಂದದ್ದು. ಅಲ್ಲಿ ಹುಳ ತಿನ್ನುವುದು ಹೆಣಗಳನ್ನು, ಜೀವ ಇರುವವರನ್ನಲ್ಲ.

ಒಂದು ವಿಚಿತ್ರ ಹೇಳುತ್ತೇನೆ. ಅದೇ ಹಿನ್ನೋಮ್ ಕಣಿವೆಯ ಅಂಚಿನ ಒಂದು ಗೋರಿಯಲ್ಲಿ 1979ರಲ್ಲಿ ಎರಡು ಸಣ್ಣ ಬೆಳ್ಳಿಯ ಸುರುಳಿಗಳು ಸಿಕ್ಕಿದವು. ಬಿಡಿಸಿ ನೋಡಿದರೆ ಅದರಲ್ಲಿದ್ದದ್ದು ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಎಂಬ ಬೈಬಲಿನ (ರಾಮಾಯಣದ್ದಲ್ಲ) ಅರಣ್ಯಕಾಂಡದ ಆಶೀರ್ವಾದ. ಇವತ್ತು ಕೈಗೆ ಸಿಕ್ಕಿರುವ ಬೈಬಲ್ ಮಾತುಗಳಲ್ಲಿ ಅತಿ ಹಳೆಯದು ಅದೇ. ನರಕಕ್ಕೆ ಹೆಸರು ಕೊಟ್ಟ ಕಣಿವೆಯಲ್ಲಿ ಸಿಕ್ಕಿದ್ದು ಶಾಪ ಅಲ್ಲ.

ಕಾಂಞಂಗಾಡ್ ರೈಲು
ಮೇಷ್ಟ್ರೇ, ನಾನು ಇದನ್ನು ಮೂರು ಮಂದಿಗೆ ಹೇಳಿ ಆಯ್ತು. ಈಗ ಹೋಗಿ ತಿದ್ದಬೇಕು.

ಊರಿನವ 77
(ಈ ಉತ್ತರವನ್ನು ತೆಗೆಯಲಾಗಿದೆ)

ನಿರ್ವಾಹಕ
"ನಮ್ಮ ಕನ್ನಡದ ಜಾಗದಲ್ಲಿ ಇದೆಲ್ಲ ಯಾಕೆ" ಎಂಬ ಧಾಟಿ ಇಲ್ಲಿ ಬೇಡ. ಎರಡನೇ ಸಲಕ್ಕೆ ಎಚ್ಚರಿಕೆ ಇಲ್ಲ.

ಚಂದ್ರಗಿರಿ ಉತ್ತರ
ಸರಿಯಾಗಿ ಹೇಳಿದಿರಿ. ಇದೇ ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಮೇಲೆ ಗೊಲ್ಗೊಥಾ ಕಾವ್ಯ ಬರೆದರು. ಬುದ್ಧನ ಮೇಲೂ ಬರೆದರು. ಅವರಿಗೆ ಯಾರೂ ಯಾಕೆ ಎಂದು ಕೇಳಲಿಲ್ಲ. ಕನ್ನಡ ಯಾರಪ್ಪನ ಮನೆಯದು?

ಸಂಜೆ ಸೋದೆ
ಕೀರ್ತನೆ 75ರ ಬಟ್ಟಲು ಯಾರೂ ಹೇಳಲಿಲ್ಲ. ಯೆಹೋವನ ಕೈಯಲ್ಲಿ ನೊರೆ ಬರುವ ದ್ರಾಕ್ಷಾರಸದ ಬಟ್ಟಲು. ದುಷ್ಟರು ಅದನ್ನು ಗಸಿ ಸಮೇತ ಹೀರಬೇಕು. ಕಳ್ಳಿನ ಅಂಗಡಿಯಲ್ಲಿ ಅಡಿಯ ಗಸಿ ಯಾರಿಗೆ ಹೊಯ್ಯುತ್ತಾರೆ ಎಂದು ಗೊತ್ತಿದ್ದವರಿಗೆ ಅರ್ಥವಾಗುತ್ತದೆ.

ಅಡಿಕೆ ಮಂಡಿ
ಗಸಿ ಅಂದರೆ ನಮಗೆ ಕೋರಿ ಗಸಿ, ಕೋಳಿ ಸಾರು. ಅದು ಶಿಕ್ಷೆಯಾದರೆ ನಾನು ದುಷ್ಟರ ಪಂಕ್ತಿಯಲ್ಲಿ ಮೊದಲಿಗೆ ಕೂರುತ್ತೇನೆ.

ಸಂಜೆ ಸೋದೆ
ರೊಟ್ಟಿ ತೆಗೆದುಕೊಂಡು ಬನ್ನಿ.

ನೀಲೇಶ್ವರದ ಸೊಸೆ
ಬೆಂಕಿ ಬೆಂಕಿ ಎನ್ನುತ್ತಿದ್ದೀರಿ, ನನಗೆ ದೈವ ಕೆಂಡಕ್ಕೆ ಹಾರುವ ಒತ್ತೆಕೋಲ ನೆನಪಾಯಿತು. ಪಾಲಂತಾಯಿ ಕಣ್ಣನ ಕಥೆ ಗೊತ್ತಲ್ಲ? ದನ ಮೇಯಿಸುವ ಹುಡುಗ. ಯಜಮಾನನಿಗೆ ಹೆದರಿ ಮಂಗಳೂರು ಕಡೆ ಓಡಿ ಹೋಗಿ, ನರಸಿಂಹನ ಭಕ್ತನಾಗಿ ವಾಪಸು ಬರುತ್ತಾನೆ. ಬಂದವನನ್ನು ಆ ಯಜಮಾನ ಕುರುವಾಟ್ಟ್ ಕುರುಪ್ ಕಡಿದು ಹಾಕುತ್ತಾನೆ. ಆಮೇಲೆ ಆ ಮನೆಗೆ ಒಂದರ ಹಿಂದೆ ಒಂದು ಅನಾಹುತ. ತಪ್ಪೊಪ್ಪಿಕೊಂಡು ದೈವವನ್ನು ನಂಬಿದ ಮೇಲೆಯೇ ನಿಂತದ್ದು. ಇಲ್ಲೂ ದುಷ್ಟನಿಗೆ ಶಿಕ್ಷೆ ಉಂಟು. ಆದರೆ ವಿಷ್ಣುಮೂರ್ತಿ ದೈವದ ವೇಷ ಕಟ್ಟಿದಾಗ ಕೆಂಡದ ರಾಶಿಗೆ ಹಾರುವುದು ಯಾರು? ದೈವವೇ. ಕುರುಪನನ್ನು ಯಾರೂ ಕೆಂಡಕ್ಕೆ ಎಸೆಯುವುದಿಲ್ಲ. ಸಣ್ಣವಳಿದ್ದಾಗಿನಿಂದ ನೋಡುತ್ತಿದ್ದೇನೆ, ಈಗ ನಿಮ್ಮದೆಲ್ಲ ಓದುವಾಗ ಇದು ಹೊಳೆಯಿತು.

ಇಗರ್ಜಿ ಗಂಟೆ
ಇದನ್ನು ನಮ್ಮ ಪಾದ್ರಿಗಳಿಗೆ ಹೇಳಬೇಕು. ಶುಭ ಶುಕ್ರವಾರದ ಪ್ರಸಂಗಕ್ಕೆ ಅವರಿಗೆ ಬೇರೆ ಎಂತ ಬೇಕು?

ಪಡ್ರೆಯ ಅಳಿಯ
ಇಷ್ಟು ಹೊತ್ತು ಓದುತ್ತಿದ್ದೆ. ತಮಾಷೆ ಚೆನ್ನಾಗಿದೆ, ನಾನು ಬೇರೆ ಹೇಳುತ್ತೇನೆ.

ನನ್ನ ಹೆಂಡತಿಯ ಮನೆ ಎಣ್ಮಕಜೆ ಪಂಚಾಯತಿನಲ್ಲಿ. ಅಲ್ಲಿ ಒಂದು ಊರಿನ ಹೆಸರೇ ಸ್ವರ್ಗ. ಹೊರಗಿನವರು ನಗುತ್ತಾರೆ, ಬಸ್ಸಿನ ಬೋರ್ಡಿನಲ್ಲೂ ಹಾಗೇ ಬರೆದಿರುತ್ತದೆ. ಆ ಸ್ವರ್ಗದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಗೇರು ತೋಟದ ಟೀ ಸೊಳ್ಳೆ ಎಂಬ ಕೀಟಕ್ಕೆ ಎಂದು. ಕೆಳಗೆ ಬಾವಿ, ತೋಡು, ಅಂಗಳದಲ್ಲಿ ಒಣಗುವ ಬಟ್ಟೆ. ಬೈಬಲಿನ ಪಾಪಿಗಳ ಊರು ಸೊದೋಮಿನ ಮೇಲೆ ಆಕಾಶದಿಂದ ಗಂಧಕ ಸುರಿಯಿತು ಎಂದು ಓದುವಾಗ ನನಗೆ ಕಾಣುವುದು ಅದೇ. ಸೊದೋಮಿನವರಾದರೂ ತಪ್ಪು ಮಾಡಿದ್ದರು. ಇಲ್ಲಿ ಹಾಸಿಗೆ ಹಿಡಿದದ್ದು ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು, 2017ರಲ್ಲಿ ತಲಾ ಐದು ಲಕ್ಷ ಕೊಡಿ ಎಂದಿತು. ಆ ದುಡ್ಡಿಗಾಗಿ ಮತ್ತೆ ಎಷ್ಟು ವರ್ಷ ಅಲೆದರು!

ದುಷ್ಟ ಹೊಟ್ಟಿನ ಹಾಗೆ ಹಾರುತ್ತಾನೆ ಎನ್ನುತ್ತೀರಿ. ಎಲ್ಲಿ ಹಾರಿದ? ಸುರಿದವರೆಲ್ಲ ಪೆನ್ಷನ್ ತೆಗೆದುಕೊಂಡು ಆರಾಮ ಇದ್ದಾರೆ.

ನೇಜಿ
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ ಅಣ್ಣ.

ಕುಂಬಳೆ ಮೇಷ್ಟ್ರು
ಅಳಿಯಂದಿರೇ, ನೀವು ಕೇಳಿದ್ದನ್ನೇ ಬೈಬಲಿನಲ್ಲಿ ತಪ್ಪಿಲ್ಲದೆ ಕಷ್ಟಪಟ್ಟ ಯೋಬ ಕೇಳಿದ್ದಾನೆ. ಯೋಬನ ಪುಸ್ತಕದ 21ನೇ ಅಧ್ಯಾಯ. ದುಷ್ಟರ ದೀಪ ಎಷ್ಟು ಸಲ ಆರುತ್ತದೆ? ಎಷ್ಟು ಸಲ ಅವರು ಗಾಳಿಗೆ ಸಿಕ್ಕ ಹೊಟ್ಟಾಗುತ್ತಾರೆ? ಅವರು ಮುದುಕರಾಗುವ ತನಕ ಬದುಕುತ್ತಾರೆ, ಮಕ್ಕಳು ಕುಣಿಯುತ್ತವೆ, ದನ ಕರು ಹಾಕುತ್ತದೆ. ಅವರ ಪಾಪದ ಫಲವನ್ನು ದೇವರು ಅವರ ಮಕ್ಕಳಿಗೆ ಇಡುತ್ತಾನೆ ಎನ್ನುತ್ತೀರಲ್ಲ, ಅವರಿಗೇ ಕೊಡಲಿ, ಅವರೇ ಕುಡಿಯಲಿ. ಇದೆಲ್ಲ ಯೋಬನ ಮಾತು. ಮೊದಲನೇ ಕೀರ್ತನೆಗೆ ಬೈಬಲಿನೊಳಗೇ ಯಾರೋ ಎದ್ದು ನಿಂತು ಕೊಟ್ಟ ಉತ್ತರ ಇದ್ದ ಹಾಗುಂಟು. ದೀಪ ಆರುತ್ತದೆ, ಬಲೆ ಬೀಳುತ್ತದೆ, ಬೇರು ಒಣಗುತ್ತದೆ ಎಂದೆಲ್ಲ ಚೆಂದದ ಹೋಲಿಕೆ ಕೊಟ್ಟು ಮಾತಾಡಿದವರು ಅವನ ಸ್ನೇಹಿತರು. ಕೊನೆಗೆ ದೇವರು ನೀವು ನನ್ನ ವಿಷಯ ಸರಿಯಾಗಿ ಆಡಲಿಲ್ಲ ಎಂದು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ, ಯೋಬನ ಮೇಲಲ್ಲ.

ಪ್ರಶ್ನೆಪತ್ರಿಕೆ
ಇದು ನನಗೆ ಗೊತ್ತಿರಲಿಲ್ಲ. ಯೋಬ ಎಂದರೆ ಬರೀ ತಾಳ್ಮೆಯ ಮನುಷ್ಯ ಎಂದುಕೊಂಡಿದ್ದೆ.

ಕುಂಬಳೆ ಮೇಷ್ಟ್ರು
ತಾಳ್ಮೆ ಎರಡು ಅಧ್ಯಾಯಕ್ಕೆ ಮುಗಿಯುತ್ತದೆ. ಮೂರನೆಯದರಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ.

ಬದಿಯಡ್ಕ ಬಸ್ಸು
ಲೂಕ 13 ಕೂಡ ಓದಿ. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತರು. ಅವರು ಜೆರುಸಲೇಮಿನವರೆಲ್ಲರಿಗಿಂತ ಪಾಪಿಗಳಾ ಎಂದು ಏಸು ಕೇಳಿ, ಅಲ್ಲ ಎಂದು ತಾನೇ ಹೇಳುತ್ತಾನೆ. ಆದರೂ ಎಲ್ಲಿ ಏನು ಬಿದ್ದರೂ ಅದು ದೇವರ ಶಿಕ್ಷೆ ಎಂದು ವಾಟ್ಸಾಪಿನಲ್ಲಿ ಕಳಿಸುವವರಿಗೆ ಬರಗಾಲವಿಲ್ಲ. ಸೊದೋಮಿನ ತಪ್ಪು ಎಂತ ಎಂದು ಯೆಹೆಜ್ಕೇಲ 16:49ರಲ್ಲಿ ಉಂಟು: ಗರ್ವ, ಹೊಟ್ಟೆ ತುಂಬಾ ಊಟ, ಆರಾಮ, ಬಡವರ ಕೈ ಹಿಡಿಯದ್ದು. ಪಡ್ರೆಯ ಮೇಲೆ ಸುರಿದವರಿಗೇ ಬರೆದ ಹಾಗುಂಟಲ್ವಾ?

ಪಡ್ರೆಯ ಅಳಿಯ
ಹೌದು. ಹೆಂಡತಿಗೆ ಓದಿ ಹೇಳಿದೆ. "ಬುಕ್ಕಿನಲ್ಲಿ ಉಂಟು, ಫೈಲಿನಲ್ಲಿ ಇಲ್ಲ" ಎಂದಳು.

ಸಂಜೆ ಸೋದೆ
ನನಗೆ ಇಷ್ಟವಾದದ್ದು ಬೈಬಲಿನ ಪ್ರವಾದಿ ಆಮೋಸ. ಅವನ ಜನ ದೇವರು ಶಿಕ್ಷೆ ಕೊಡುವ ಯೆಹೋವನ ದಿನ ಬರಲಿ, ನಮ್ಮ ವೈರಿಗಳಿಗೆ ಆಗಲಿ ಎಂದು ಕಾಯುತ್ತಿದ್ದರು. ಆಮೋಸ ಹೇಳಿದ: ಒಬ್ಬ ಸಿಂಹದಿಂದ ತಪ್ಪಿಸಿಕೊಂಡು ಓಡಿದ, ಎದುರಿಗೆ ಕರಡಿ ಸಿಕ್ಕಿತು. ಮನೆಗೆ ಬಂದು ಉಸ್ಸಪ್ಪಾ ಎಂದು ಗೋಡೆಗೆ ಕೈ ಊರಿದ, ಹಾವು ಕಚ್ಚಿತು. ಕೆಂಪು ಕಲ್ಲಿನ ಗೋಡೆಯ ಸಂದಿಗೆ ಕತ್ತಲಲ್ಲಿ ಕೈ ಇಟ್ಟ ನಮಗೆಲ್ಲ ಅದು ಮೈ ಜುಮ್ಮೆನ್ನುವ ಮಾತು. ಶಿಕ್ಷೆ ಆಚೆ ಮನೆಗೆ ಎಂದು ಕಾಯುತ್ತಿದ್ದವನಿಗೆ ಸ್ವಂತ ಮನೆಯ ಗೋಡೆಯಲ್ಲಿ ಸಿಕ್ಕಿತು.

ಕಾಂಞಂಗಾಡ್ ರೈಲು
ಹೊಸಂಗಡಿ ಅಕ್ಕ, ನಿಮ್ಮ ಅಜ್ಜಿ ತುಳುವಿನಲ್ಲಿ ಯಾಕೆ ಶಾಪ ಹಾಕಲಿಲ್ಲ? ತುಳುವಿನಲ್ಲಿ ಬೈದರೆ ಖಾರ ಜಾಸ್ತಿ.

ಹೊಸಂಗಡಿಯವಳು
ಅಮ್ಮನನ್ನು ಕೇಳಿದೆ! ತುಳುವಿನಲ್ಲಿ ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಏಸುವಿನ ಭಾಗ, 1847ರಲ್ಲೇ ಬಂದಿತ್ತು. ಆದರೆ ಅದರಲ್ಲಿ ವೈರಿಯನ್ನು ಪ್ರೀತಿಸು ಎಂದು ಉಂಟು. ಬೈಯಲು ಕೀರ್ತನೆಗಳೇ ಆಗಬೇಕು, ಅವು ಮನೆಯಲ್ಲಿ ಇದ್ದದ್ದು ಕನ್ನಡದಲ್ಲಿ. ಅಮ್ಮನ ವಿವರಣೆ ಇದು, ತಪ್ಪಿದ್ದರೆ ಅವರನ್ನು ಹಿಡಿಯಿರಿ.

ಇನ್ನೊಂದು. ಮೇಷ್ಟ್ರು ಹೇಳಿದ ಮೇಲೆ ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಗೀಟಿನ ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಗುರುತು ಉಂಟು. ಅಂದರೆ ಮೊದಲು ಒಂದು ಗೀಟು ಹಾಕಿ, ಅಳಿಸಿ, ಮತ್ತೆ ಹಾಕಿದ್ದು. ಅಮ್ಮನಿಗೆ ತೋರಿಸಿದಾಗ ನಕ್ಕರು. ಒಂದು ವರ್ಷ ಗಾಳಿಮಳೆಗೆ ತೆಂಗಿನ ಮರ ಬಿದ್ದು ಆಚೆ ಮನೆಯ ಮಾಡು ಮುರಿದಿತ್ತಂತೆ. ಊರಿನವರು "ನಿಮ್ಮ ಪ್ರಾರ್ಥನೆ ಫಲಿಸಿತಲ್ಲ" ಎಂದರೆ ಅಜ್ಜಿ ಹೆದರಿ ಅತ್ತುಬಿಟ್ಟರಂತೆ. ಒಂದು ವಾರ ಆ ಮನೆಗೆ ಗಂಜಿ, ಚಟ್ನಿ ಕಳಿಸಿದ್ದು ಅಜ್ಜಿಯೇ. ಗೀಟು ಅಳಿಸಿದ್ದು ಆಗ.

ಇಗರ್ಜಿ ಗಂಟೆ
ಮತ್ತೆ ಹಾಕಿದ್ದು ಯಾಕೆ?

ಹೊಸಂಗಡಿಯವಳು
ಮರು ಮಳೆಗಾಲಕ್ಕೆ ಬೇಲಿ ಮತ್ತೆ ಒಂದು ಮೊಳ ಈಚೆ ಬಂತಂತೆ. ಎರಡನೇ ಗೀಟು ಅಷ್ಟು ದಪ್ಪ ಅದಕ್ಕೇ.

ಅಡಿಕೆ ಮಂಡಿ
ಈಗ ಬೇಲಿ ಎಲ್ಲುಂಟು ಅಕ್ಕ?

ಹೊಸಂಗಡಿಯವಳು
ಹೆದ್ದಾರಿ ಅಗಲ ಮಾಡುವಾಗ ಎರಡೂ ಮನೆಯವರ ಜಾಗ ಹೋಯಿತು. ಬೇಲಿ ಇದ್ದಲ್ಲಿ ಈಗ ಸರ್ವಿಸ್ ರೋಡ್.